ಹಳದಿ ಚಂದ್ರಿಕೆಯಲ್ಲಿ ಬಿಳಿ ಗೂಡು

ಧನಗೆರೆ,
೧೮-೫-೧೯೬೪

ಪ್ರೀತಿಯ ಗುರುಪಾದಸ್ವಾಮಿ,

ನಿನ್ನ ಅಕ್ಕ ಶಿವರತ್ನಮ್ಮ ಹರಸಿ ಬರೆಯುತ್ತಿರುವುದು. ಹೇಗಿದ್ದೀಯಪ್ಪ? ಮಿಲ್ಲಿನ ಹತ್ತಿಧೂಳಿಗೆ ಕೆಮ್ಮು ಹಿಡಿದಿದೆ ಎಂದು ಹೋದ ಕಾಗದದಲ್ಲಿ ನೀನು ಬರೆದಿದ್ದೆ. ಈಗ ಕಡಿಮೆಯಾಯಿತೆ? ಮೆಣಸು ಜೀರಿಗೆ ಕುಟ್ಟಿ ಕಷಾಯ ಮಾಡಿಕೊಡುವವರು ಕೊಯಮತ್ತೂರಿನಲ್ಲಿ ನಿನಗೆ ಯಾರೂ ಇಲ್ಲ, ನೀನಾಗಿ ಮಾಡಿಕೊಂಡು ಕುಡಿಯುವ ಪೈಕಿಯೂ ಅಲ್ಲ. ಬರುವಾಗ ಮೈ ಇಳಿದುಹೋಗಿದ್ದರೆ ನೋಡು, ಆಗ ಮಾತಾಡುತ್ತೇನೆ. ಇಲ್ಲಿ ಅವ್ವನಿಗೆ ಮಂಡಿನೋವು ಒಂದು ಬಿಟ್ಟರೆ ಏನೂ ತೊಂದರೆಯಿಲ್ಲ, ಬಾಯಂತೂ ಗಟ್ಟಿಯಾಗಿದೆ. ಮಂಗಳ ಎಸ್ಸೆಸ್ಸೆಲ್ಸಿ ಬರೆದು ಮನೆಯಲ್ಲಿದ್ದಾಳೆ. ಅವಳ ತಮ್ಮ ಪುಟ್ಟಬಸು ಹುಳಕ್ಕೆ ಸೊಪ್ಪು ಬಿಡಿಸುವುದರಲ್ಲಿ ದೊಡ್ಡವರನ್ನು ಮೀರಿಸಿದ್ದಾನೆ. ನಿನ್ನ ಭಾವ ಆರೋಗ್ಯವಾಗಿದ್ದಾರೆ, ಆದರೆ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಯಾಕೆಂದು ಮುಂದೆ ಬರೆಯುತ್ತೇನೆ.

ಭಾವ ಬರೆದ ಕಾಗದ ಇಷ್ಟುಹೊತ್ತಿಗೆ ನಿನ್ನ ಕೈ ಸೇರಿರುತ್ತದೆ. ಮುಂದಿನ ವಾರ ನಿನಗೂ ಮಂಗಳನಿಗೂ ವೀಳ್ಯಶಾಸ್ತ್ರ, ಜ್ಯೇಷ್ಠದಲ್ಲಿ ಲಗ್ನ, ರಜಾ ಹಾಕಿಕೊಂಡು ಬಾ ಎಂದು ಬರೆದಿದ್ದಾರಲ್ಲ. ಗುರು, ಈ ಮದುವೆ ಆಗಬಾರದು. ಅವಳನ್ನು ಹೆತ್ತ ತಾಯಿ ನಾನೇ, ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳೂ ನಾನೇ, ಇಂಥ ಮಾತು ಬರೆಯಲು ನನಗೆ ಕೈ ಹೇಗೆ ಬಂತು ಎಂದು ನಿನಗೆ ಅನ್ನಿಸಬಹುದು. ನಿನ್ನ ಮೇಲೆ ಕೋಪವಿಲ್ಲ. ನಿನಗಿಂತ ಒಳ್ಳೆಯ ಗಂಡು ನನ್ನ ಮಗಳಿಗೆ ಸಿಗುವುದೂ ಇಲ್ಲ. ತೊಟ್ಟಿಲಿನಲ್ಲಿದ್ದಾಗಲೇ ಅವ್ವ ನಿನ್ನ ಕೈಯಿಂದ ಅವಳ ಬಾಯಿಗೆ ಸಕ್ಕರೆ ಹಾಕಿಸಿ ಇವಳು ನಿನ್ನ ಹೆಂಡತಿ ಎಂದಾಗ ನಾನೂ ನಕ್ಕಿದ್ದೆ. ಈಗ ನಗು ಬರುತ್ತಿಲ್ಲ. ಕಾರಣ ಹೇಳಲು ನಮ್ಮ ಹುಳದ ಮನೆಯಿಂದ ಶುರುಮಾಡಬೇಕು, ತಾಳ್ಮೆಯಿಂದ ಓದು.

ನಮ್ಮ ಮನೆಯ ರೇಷ್ಮೆ ಬೀಜದ ಜಂಬ ನಿನಗೆ ಗೊತ್ತಿದ್ದದ್ದೇ. ತಾತನ ಕಾಲದಿಂದ ಹೊರಗಿನ ಒಂದು ಮೊಟ್ಟೆ ಈ ಮನೆಯ ತಟ್ಟೆಗೆ ಬಿದ್ದಿಲ್ಲ ಎಂದು ನಿನ್ನ ಭಾವ ಕೊಳ್ಳೇಗಾಲದಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾರೆ. ಪ್ರತಿ ಬೆಳೆಯಲ್ಲೂ ಅವರೇ ಕೂತು, ಒಂದೊಂದು ಗೂಡನ್ನೂ ಬೆರಳಲ್ಲಿ ಒತ್ತಿ ನೋಡಿ, ಗಟ್ಟಿಯಾದ ಒಳ್ಳೆ ಹಳದಿ ಗೂಡುಗಳನ್ನು ಆರಿಸಿ ಬೀಜಕ್ಕೆ ಇಡುತ್ತಾರೆ. ಚಿಟ್ಟೆ ಹೊರಗೆ ಬಂದ ಮೇಲೆ ಗಂಡು ಹೆಣ್ಣು ಜೋಡಿ ಮಾಡುವವರೂ ಅವರೇ. ಆರಿಸುವ ಕೈ ಚೆನ್ನಾಗಿತ್ತು, ಅದನ್ನು ನಾನು ಒಪ್ಪುತ್ತೇನೆ. ಆದರೆ ಆರಿಸುತ್ತಿದ್ದದ್ದೆಲ್ಲ ಒಡಹುಟ್ಟಿದವುಗಳಲ್ಲೇ. ಅವಕ್ಕೆ ಗಂಟುಹಾಕಿ, ಅವುಗಳ ಮಕ್ಕಳಿಗೆ ಮತ್ತೆ ಅವುಗಳಲ್ಲೇ ಗಂಟುಹಾಕಿ, ಹೀಗೇ ನಡೆದು ಬಂದದ್ದು. ಬರಬರುತ್ತ ತಟ್ಟೆಯ ಹುಳಗಳೆಲ್ಲ ಅಚ್ಚಿಗೆ ಹಾಕಿ ತೆಗೆದ ಹಾಗೆ ಒಂದೇ ಥರ ಆದವು. ಒಟ್ಟಿಗೆ ಮೇಯುತ್ತಿದ್ದವು, ಪೊರೆ ಬಿಡುವ ಜ್ವರಕ್ಕೆ ಒಟ್ಟಿಗೆ ಮಲಗುತ್ತಿದ್ದವು, ಒಟ್ಟಿಗೆ ಏಳುತ್ತಿದ್ದವು. ನೋಡಲು ಚೆಂದವೋ ಚೆಂದ. ಹೋದ ಬೇಸಿಗೆಯಲ್ಲಿ ಬಿಸಿಲು ಏರಿದಾಗ ಒಟ್ಟಿಗೇ ಸತ್ತವು. ಬಿಸಿಲಿಗೆ ಮೊದಲೇ ಗೂಡಾಗಿದ್ದ ಒಂದು ತಟ್ಟೆಯ ಬೀಜದಿಂದ ತೆಗೆದ ಆಮೇಲಿನ ಬೆಳೆ ಅರ್ಧ ಉಳಿಯಿತು, ಅದರ ಮುಂದಿನದು ಅಷ್ಟೂ ಇಲ್ಲ. ಅವ್ವ ದೃಷ್ಟಿ ಎಂದು ಮಾದಪ್ಪನಿಗೆ ಹರಕೆ ಕಟ್ಟಿದಳು. ನಿನ್ನ ಭಾವ, ಮುಟ್ಟಾದವಳು ಹುಳದ ಮನೆ ಬಾಗಿಲಿಗೆ ಬಂದಿರಬೇಕು ಎಂದು ನನ್ನ ಕಡೆ ನೋಡಿದರು. ಬೀಜವನ್ನು ಮಾತ್ರ ಯಾರೂ ಅನುಮಾನಿಸಲಿಲ್ಲ.

ಆಗ ನಾನು ಒಂದು ಕೆಲಸ ಮಾಡಿದೆ. ಯಳಂದೂರಿನ ಶಾಲೆಯಲ್ಲಿ ನನ್ನ ಜೊತೆ ಓದಿದ ಹೊನ್ನೂರಿನ ಚಿಕ್ಕನಿಂಗಮ್ಮ ನಿನಗೆ ನೆನಪಿರಬೇಕು. ಅವರ ಮನೆಯಲ್ಲಿ ನಮ್ಮಂಥದೇ ಹಳದಿಗೂಡಿನ ಮೈಸೂರು ಹೆಣ್ಣುಚಿಟ್ಟೆಗೆ ಹೊರದೇಶದ ಬಿಳಿಗೂಡಿನ ಗಂಡು ಕೂಡಿಸಿ ತೆಗೆದ ಬೆರಕೆ ಮೊಟ್ಟೆ ಮೇಯಿಸುತ್ತಾರೆ. ಅವಳಿಂದ ಆ ಮೊಟ್ಟೆಯ ಹಾಳೆಗಳನ್ನು ಈಸಿಕೊಂಡು ಸೀರೆಯ ಗಂಟಿನಲ್ಲಿ ತಂದೆ. ನಮ್ಮ ಮನೆಯ ಮೊಟ್ಟೆ ಹಾಳೆಗಳನ್ನು ಒಲೆಗೆ ಹಾಕಿ, ಅವಳು ಕೊಟ್ಟವನ್ನು ಆ ಜಾಗದಲ್ಲಿ ಇಟ್ಟೆ. ಗುರು, ಆ ಹುಳಗಳು ಮೇಯುವ ಸದ್ದು ಹಜಾರದವರೆಗೆ ಕೇಳುತ್ತಿತ್ತು. ಸೊಪ್ಪು ಸಾಲದೆ ಧನಗೆರೆಯೆಲ್ಲ ಅಲೆದೆವು. ಹುಳಗಳನ್ನು ಬಿದಿರಿನ ಚಂದ್ರಿಕೆಗೆ ಬಿಟ್ಟ ಮೇಲೆ ಅದರ ತುಂಬ ಹಳದಿ ಗೂಡು, ಒಂದೊಂದೂ ದಪ್ಪಗೆ. ಅನುಮಾನಕ್ಕೆ ಎಡೆಯೇ ಇರಲಿಲ್ಲ, ಬಣ್ಣವೆಲ್ಲ ನಮ್ಮದೇ. ನಮ್ಮನೆ ಬೀಜ ನೋಡ್ರಪ್ಪಾ ಎಂದು ನಿನ್ನ ಭಾವ ಕುಂತೂರಿನವರೆಗೂ ಹೇಳಿಕೊಂಡು ಬಂದರು. ನಾನು ಬಾಯಿಗೆ ಸೆರಗು ಇಟ್ಟುಕೊಂಡು ಅಡುಗೆಮನೆಯಲ್ಲಿ ನಕ್ಕೆ. ಅಷ್ಟು ನಕ್ಕು ಎಷ್ಟು ಕಾಲವಾಗಿತ್ತೋ. ಅವರು ಆ ಗೂಡುಗಳಲ್ಲೇ ಒಳ್ಳೆಯದನ್ನು ಆರಿಸಿ ಮುಂದಿನ ಬೀಜಕ್ಕೆ ಇಟ್ಟರು. ನಾನೂ ಸುಮ್ಮನಿದ್ದೆ, ಮುಂದೆ ಏನಾಗುತ್ತದೆ ಎಂದು ನನಗೇನು ಗೊತ್ತಿತ್ತು.

ಅದರ ಮಕ್ಕಳು ಈ ಸಲದವು. ಮೊದಲಿಂದಲೂ ಒಂದೊಂದು ಒಂದೊಂದು ಥರ. ಕೆಲವು ಬೇಗ ಜ್ವರಕ್ಕೆ ಹೋದವು, ಕೆಲವು ತಡವಾಗಿ. ಒಂದು ಉದ್ದ, ಒಂದು ಗಿಡ್ಡ. ನಿನ್ನ ಭಾವ ಗೊಣಗಿಕೊಂಡೇ ಸೊಪ್ಪು ಹಾಕಿದರು. ಆದರೆ ಇದೇ ತಿಂಗಳ ಬಿಸಿಗಾಳಿಗೆ ಅಷ್ಟೂ ಸಾಯಲಿಲ್ಲ, ನೋಡು. ತಾಳದವು ಹೋದವು, ತಾಳಿದವು ಉಳಿದವು. ಹೋದ ವರ್ಷ ಎಲ್ಲವೂ ಒಂದೇ ಥರವಿದ್ದಾಗ ಉಳಿಯಲು ಬೇರೆ ಥರದ್ದು ಒಂದೂ ಇರಲಿಲ್ಲ. ಉಳಿದವು ಹಣ್ಣಾಗಿ ಚಂದ್ರಿಕೆ ಏರಿ ಗೂಡು ಕಟ್ಟಿದವು. ಬಿಡಿಸುವ ದಿನ ಪುಟ್ಟಬಸು ಏನೋ ಸಿಕ್ಕ ಖುಷಿಯಲ್ಲಿ ಅಪ್ಪನ ಬಳಿ ಓಡಿ ಬಂದು ಅಂಗೈ ಬಿಚ್ಚಿದ. ಮಲ್ಲಿಗೆ ಮೊಗ್ಗಿನ ಹಾಗೆ ಬೆಳ್ಳಗಿನ ಗೂಡು. ಹೋಗಿ ನೋಡಿದರೆ ಹಳದಿಯ ನಡುವೆ ಅಲ್ಲೊಂದು ಇಲ್ಲೊಂದು, ಒಟ್ಟು ಕಾಲುಭಾಗದಷ್ಟು ಬಿಳಿ. ನಿನ್ನ ಭಾವನ ಮುಖ ಕಪ್ಪಿಟ್ಟಿತು. ಹೊರಗಿನ ಬೀಜ ಬಂದಿದೆ ಎಂದು ತಿಳಿಯಲು ಅವರಿಗೆ ಅಷ್ಟು ಸಾಕಾಯಿತು. ನಿನ್ನ ಕೆಲಸವೇ ಎಂದು ಕೇಳಿದಾಗ ನಾನು ಇಲ್ಲವೆನ್ನಲಿಲ್ಲ. ಅವತ್ತಿನಿಂದ ಮಾತಿಲ್ಲ, ನಾನು ಬಡಿಸಿದ ತಟ್ಟೆ ಮುಟ್ಟುವುದಿಲ್ಲ.

ಅವರ ಕೋಪ ನನ್ನನ್ನು ಅಷ್ಟು ಸುಡಲಿಲ್ಲ. ಆ ಬಿಳಿ ಗೂಡುಗಳನ್ನು ಮೊರದಲ್ಲಿ ಹಾಕಿಕೊಂಡು ಕೂತಾಗ ಬಂದ ಯೋಚನೆ ಸುಟ್ಟಿತು. ಇವುಗಳ ಅಪ್ಪ ಅಮ್ಮ ಎರಡೂ ಹಳದಿ. ನಾನೇ ಕಣ್ಣಾರೆ ನೋಡಿದ್ದೇನೆ. ಹಾಗಾದರೆ ಬಿಳಿ ಎಲ್ಲಿತ್ತು? ಹಳದಿಯ ಒಳಗೇ ಕಾಣದೆ ಕೂತಿತ್ತು. ಒಳಗೆ ಬಿಳಿ ಇಟ್ಟುಕೊಂಡ ಎರಡು ಕೂಡಿದಾಗ ಮಕ್ಕಳಲ್ಲಿ ಹೊರಗೆ ಬಂತು. ಗುರು, ಹಿತ್ತಲಿನ ಕೋಣೆಯಲ್ಲಿದ್ದ ಮೂಗಮ್ಮಜ್ಜಿಯನ್ನು ನೆನೆಸಿಕೋ. ನಮ್ಮ ತಾತನ ತಂಗಿ, ಹುಟ್ಟಿದಾಗಿನಿಂದ ಕಿವಿ ಕೇಳಿಸದವಳು. ತಾತನಿಗೆ ಕೇಳುತ್ತಿತ್ತು. ತಾತನ ಮಕ್ಕಳು ಅವ್ವ ಮತ್ತು ನಿನ್ನ ಭಾವ, ಇಬ್ಬರಿಗೂ ಕೇಳುತ್ತದೆ. ಅವ್ವ ತನ್ನ ಮಗಳಾದ ನನ್ನನ್ನು ತನ್ನ ತಮ್ಮನಿಗೇ ಕೊಟ್ಟಳು. ನಮ್ಮಿಬ್ಬರಿಗೂ ಸಣ್ಣ ಸದ್ದೂ ಕೇಳುತ್ತದೆ, ನಮ್ಮ ಪುಟ್ಟಬಸುವಿಗೆ ಏನೂ ಕೇಳದು. ಚೊಚ್ಚಲ ಗಂಡು ಕಣ್ಣು ಬಿಡದೆ ಹೋಯಿತು, ಕೊನೆಯದು ಹೊಟ್ಟೆಯಲ್ಲೇ ಹೋಯಿತು. ಪುಟ್ಟಬಸು ಬೇಡವಾದ ಗೂಡಲ್ಲ, ಹಾಗೆಂದು ಒಂದು ಗಳಿಗೆಯೂ ತಿಳಿಯಬೇಡ, ಅವನಿಲ್ಲದೆ ನನ್ನ ಮನೆಯಿಲ್ಲ. ಆದರೆ ಅವ್ವಾ ಎಂದು ಅವನ ಬಾಯಲ್ಲಿ ಕೇಳಬೇಕೆಂಬ ಆಸೆ ಸತ್ತಿಲ್ಲ, ಮಣ್ಣಿಗೆ ಕೊಟ್ಟವು ನೆನಪಿನಿಂದ ಹೋಗಿಲ್ಲ. ಮಂಗಳ ಆರೋಗ್ಯವಾಗಿದ್ದಾಳೆ, ನೀನೂ ಆರೋಗ್ಯವಾಗಿದ್ದೀಯ. ಇಬ್ಬರೂ ಹಳದಿ ಗೂಡುಗಳೇ. ಒಳಗೆ ಏನಿದೆಯೋ ಯಾರಿಗೆ ಗೊತ್ತು. ನಿಮ್ಮಿಬ್ಬರಿಗೂ ರಕ್ತ ಬಂದದ್ದು ಅದೇ ತಾತನ ಮನೆಯಿಂದ. ಅಕ್ಕನ ಮಗಳನ್ನು ತಂದವರಿಗೆಲ್ಲ ಹೀಗಾಗುತ್ತದೆ ಎಂದು ನಾನು ಹೇಳುವುದಿಲ್ಲ. ನಮ್ಮ ಬೀದಿಯಲ್ಲೇ ಅಂಥ ಮದುವೆಯಾಗಿ ಗುಂಡುಕಲ್ಲಿನಂಥ ಮಕ್ಕಳು ಇರುವವರಿದ್ದಾರೆ. ನಮ್ಮ ಮನೆಯಲ್ಲಿ ಆಗಿದೆ, ನಾನು ಹೆತ್ತು ನೋಡಿದ್ದೇನೆ, ಮಂಗಳ ಅದನ್ನು ನೋಡಬಾರದು.

ನಿನಗೆ ಇನ್ನೊಂದು ನೆನಪಿದೆಯೋ ಇಲ್ಲವೋ. ಚಿಕ್ಕವನಿದ್ದಾಗ ಬೀಜದ ಚಿಟ್ಟೆಯನ್ನು ಜಗಲಿಯಿಂದ ಮೇಲಕ್ಕೆ ತೂರಿ, ಅದು ಹಾರದೆ ಪಟಕ್ಕನೆ ಬಿದ್ದಾಗ ನೀನು ಅತ್ತು ಮನೆ ಹಾರಿಸಿದ್ದೆ. ಅದೇ ವರ್ಷ ಹನೂರಿನ ಕಡೆಯ ಕಾಡಿನಿಂದ ಸೌದೆ ಗಾಡಿಯಲ್ಲಿ ಬಂದಿದ್ದ ಒರಟು ಗೂಡನ್ನು ನೀನು ಗೂಟಕ್ಕೆ ಕಟ್ಟಿದ್ದೆ. ಅದರಿಂದ ಬಂದ ಕಂದು ಚಿಟ್ಟೆ ರೆಕ್ಕೆ ಒಣಗಿದ್ದೇ ತಡ ಹಂಚಿನ ಸಂದಿಯಲ್ಲಿ ಹಾರಿಹೋಯಿತು. ನಮ್ಮದು ಯಾಕೆ ಹಾರಲ್ಲ ಎಂದು ನೀನು ಕೇಳಿದಾಗ ಅವ್ವನ ತಾಯಿ, ನಮ್ಮ ಅಜ್ಜಿ ಹೇಳಿದ್ದು ನನಗೆ ಹಾಗೇ ನೆನಪಿದೆ. "ಕಾಡ್ನಾಗೆ ಅಕ್ಕಿ-ಪಕ್ಷಿ, ಇರುವೆ ಬಾಯಿಂದ ತಪ್ಪುಸ್ಕಂಡಿದ್ದು ಉಳೀತದೆ ಕಣ್ಲಾ ಮಗ. ನಮ್ದುಕ್ಕೆ ಯಾಕ್ಲಾ ರೆಕ್ಕೆ? ಕೂರ್ಸಿದ್ ತಾವ್ ಕೂತ್ಕಂಡು ಮೊಟ್ಟೆ ಇಕ್ಕುದ್ರೆ ಸಾಕು ಅಂತ ಆರ್ಸಿ ಆರ್ಸಿ ಇಂಗೆ ಮಾಡಿರಾದು." ನನ್ನನ್ನು ನಿನ್ನ ಭಾವನ ಪಕ್ಕದಲ್ಲಿ ಹಸೆಮಣೆಗೆ ಕೂರಿಸಿದಾಗ ನನಗೆ ಹದಿನೇಳು, ಮಂಗಳನಿಗೆ ಈಗಿರುವ ವಯಸ್ಸು. ಕೂರಿಸಿದಲ್ಲಿ ಕೂತೆ.

ಹೇಳಿ ನೋಡಲಿಲ್ಲವೆ ಎಂದು ಕೇಳುತ್ತೀಯ. ಹೇಳಿದೆ. ಮೊರವನ್ನೇ ತಂದು ಮುಂದಿಟ್ಟು ಹೇಳಿದೆ. ಅದೊಂದು ಸಲ ನಿನ್ನ ಭಾವ ಬಾಯಿಬಿಟ್ಟರು. "ಉಳಕ್ಕೂ ಮನ್ಸುರ್ಗೂ ಒಂದೇ ಏನಮ್ಮಿ? ನನ್ ಬೀಜ ಕೆಡ್ಸುದ್ದು ಸಾಲ್ದು ಅಂತ ನನ್ ಮನೆ ಕೆಡ್ಸಕ್ ನಿಂತಿದ್ದೀಯಾ?" ಎಂದರು. ಅವ್ವ ಇನ್ನೂ ಮುಂದೆ ಹೋದಳು. ತಾನು ತನ್ನ ತಮ್ಮನಿಗೆ ಮಗಳನ್ನು ಕೊಟ್ಟ ಹಾಗೆ ನಾನು ನನ್ನ ತಮ್ಮನಿಗೆ ಕೊಡಬೇಕು, ಇಲ್ಲದಿದ್ದರೆ ತೋಟ ಪರರ ಪಾಲಾಗುತ್ತದೆ, ತನ್ನ ಹೆಣಕ್ಕೆ ನಾನು ನೀರು ಬಿಡಬೇಕಾಗಿಲ್ಲ ಎಂದಳು. ಪುಟ್ಟಬಸುವಿನ ಮಾತೆತ್ತಿದರೆ ಅದು ನನ್ನ ಹಣೆಬರಹವಂತೆ. ನನಗೆ ಇನ್ನು ದಾರಿ ಕಾಣುತ್ತಿಲ್ಲ. ಬಾವಿಯ ಕಟ್ಟೆ ನೋಡಿದರೂ ಏನೇನೋ ಯೋಚನೆ ಬರುತ್ತದೆ, ಮಕ್ಕಳ ಮುಖ ನೋಡಿ ಹಿಂದೆ ಬರುತ್ತೇನೆ.

ಆದ್ದರಿಂದ ನಿನ್ನ ಕಾಲು ಹಿಡಿದು ಕೇಳುತ್ತಿದ್ದೇನೆ, ಅಕ್ಕನಾದವಳು ಹೀಗೆ ಕೇಳಬಾರದು, ಆದರೂ ಕೇಳುತ್ತಿದ್ದೇನೆ. ನೀನು ಬೇಡವೆಂದು ಬರೆ. ಅಲ್ಲಿ ಬೇರೆ ಹುಡುಗಿಯನ್ನು ನೋಡಿದ್ದೇನೆ ಎಂದು ಬರೆ, ಸುಳ್ಳಾದರೂ ಸರಿ. ಗಂಡಸಿನ ಮಾತಾದರೆ ಈ ಮನೆ ಒಂದಿಷ್ಟು ದಿನ ಬೈದು ಸುಮ್ಮನಾಗುತ್ತದೆ. ಮಂಗಳನಿಗೆ ನೀನು ಎಂದರೆ ಪ್ರಾಣ, ನೀನು ತಂದ ರಿಬ್ಬನ್ನು ಹಳತಾದರೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾಳೆ. ಅವಳು ಅಳುತ್ತಾಳೆ, ನಾನು ಸಮಾಧಾನ ಮಾಡುತ್ತೇನೆ. ನಿನಗೂ ನೋವಾಗುತ್ತದೆ ಎಂದು ಗೊತ್ತು. ನನ್ನನ್ನು ಶಪಿಸು, ಆದರೆ ಬರೆ.

ಮಾದಪ್ಪ ನಿನ್ನನ್ನು ತಂಪಾಗಿ ಇಟ್ಟಿರಲಿ. ರಾತ್ರಿ ಪಾಳಿಯಲ್ಲಿ ಬರಿಹೊಟ್ಟೆಯಲ್ಲಿ ಕೆಲಸ ಮಾಡಬೇಡ.

ನಿನ್ನ ಅಕ್ಕ,
ಶಿವರತ್ನಮ್ಮ

ಮತ್ತೆ ಬರೆಯುವುದು: ಇಂಗ್ಲಿಷಿನಲ್ಲಿ ವಿಳಾಸ ಬರೆಯಲೆಂದು ಕಾಗದವನ್ನು ಮಡಿಸಿ ಮಂಗಳನ ಕೈಗೆ ಕೊಟ್ಟಿದ್ದೆ. ಬಿಚ್ಚಿ ಪೂರಾ ಓದಿಬಿಟ್ಟಳು. ಅಳಲಿಲ್ಲ. "ಮಾವ ಯಾಕವ್ವ ಸುಳ್ ಯೇಳ್ಬೇಕು? ಬ್ಯಾಡ ಅನ್ನಕ್ಕೆ ನಂಗ್ ಬಾಯಿಲ್ವಾ?" ಎಂದು ಎದ್ದು ಜಗಲಿಗೆ ಹೋದಳು. ಲಗ್ನದ ಹೊತ್ತು ಗೊತ್ತುಮಾಡಲು ಬಂದ ಅಯ್ಯನವರ ಜೊತೆ ನಿನ್ನ ಭಾವ, ಅವ್ವ ಅಲ್ಲೇ ಕೂತಿದ್ದಾರೆ. ಹೇಳಿಯೂ ಬಿಟ್ಟಳು, ಇಲ್ಲಿಗೆ ಕೇಳಿಸಿತು. ಅವ್ವ ಎದೆ ಬಡಿದುಕೊಳ್ಳುತ್ತಿದ್ದಾಳೆ, ನಿನ್ನ ಭಾವನ ದನಿ ಏರುತ್ತಿದೆ. ಏನೊಂದೂ ಕೇಳಿಸದ ಪುಟ್ಟಬಸು ಅಕ್ಕನ ಮುಂದೆ ಕೈ ಅಗಲಿಸಿಕೊಂಡು ನಿಂತಿರುವುದು ಕಿಟಕಿಯಿಂದ ಕಾಣುತ್ತಿದೆ. ಮೇಲೆ ಬರೆದದ್ದನ್ನು ಬಿಟ್ಟುಬಿಡು. ಸುಳ್ಳು ಹೇಳಬೇಡ, ವೀಳ್ಯಶಾಸ್ತ್ರದ ದಿನಕ್ಕೆ ಕಾಯಬೇಡ, ಇದು ಕೈ ಸೇರಿದ ಕೂಡಲೇ ಬಸ್ಸು ಹತ್ತು. ಮದುವೆಯ ಗಂಡಾಗಿ ಬೇಡ, ಅವಳ ಸೋದರಮಾವನಾಗಿ ಬಂದು ಪಕ್ಕದಲ್ಲಿ ನಿಲ್ಲು. ಅಲ್ಲಿಯವರೆಗೆ ನಾನು ನಿಲ್ಲುತ್ತೇನೆ. ಜಗಲಿಗೆ ಹೋಗುತ್ತಿದ್ದೇನೆ.