ಚೆಂಡು ಬೀಳುವ ಜಾಗ

ಮುಕ್ಕಾಂ ಕಿತ್ತೂರು
ಜನವರಿ ೧೯೦೮, ಬುಧವಾರ ಸಂಜೆ ಐದು ಗಂಟೆ

ಅಣ್ಣ ಬೀರಪ್ಪನಿಗೆ ಯಮನಪ್ಪನ ನಮಸ್ಕಾರ.

ಇಡೀ ದಿನ ಸಾಹೇಬರ ಗಾಲ್ಫ್ ಬಯಲಲ್ಲಿ ಜಾಲಿ ಕಡಿದೆವು. ವರ್ಷಕ್ಕೊಮ್ಮೆಯ ಪಂದ್ಯಕ್ಕೆ ಒಂಬತ್ತು ಜನ ಬಂದಿದ್ದಾರೆ. ಆಚೆ ವರ್ಷ ಗೆದ್ದ ಡಾಕ್ಟರ್ ಸಾಹೇಬರು ನೇರವಾಗಿ ಹೊಡೆಯುತ್ತಾರೆ. ಹೋದ ವರ್ಷ ಗೆದ್ದರೂ ಕ್ಯಾಪ್ಟನ್ ಸಾಹೇಬರ ಚೆಂಡು ಎತ್ತ ಹಾರುತ್ತದೋ ಅವರಿಗೇ ತಿಳಿಯದು. ಹೋದ ಸಲ ಅದು ಬೀಳುವ ಜಾಗ ನೋಡಲು ಮುಂದೆ ನಿಂತಾಗಲೇ ನಮ್ಮ ತಮ್ಮ ಹಣಮಂತನ ತಲೆಗೆ ಬಡಿದು ಜೀವ ಹೋಯಿತು. ಎದುರು ಬಿಸಿಲಿಗೆ ಚೆಂಡು ಕಾಣುವುದಿಲ್ಲ. ಅವನು ನಿಂತಿದ್ದ ಹಾಸುಗಲ್ಲಿನ ಸುತ್ತ ಇವತ್ತು ನಾನೇ ಕಡಿದು ಹಸನು ಮಾಡಿದೆ. ಈ ಸಲ ಅಲ್ಲಿ ನಾನು ನಿಲ್ಲಬೇಕು.

ಬೇರೆ ಕಡೆ ನಿಲ್ಲಿಸಿರೆಂದು ಜಮಾದಾರರನ್ನು ಬೇಡಿಕೊಂಡೆ.

"ನಿಮ್ಮ ಮನಿತನದ ತಲಿ ಅಷ್ಟ ನಾಜೂಕೇನಲೇ?" ಎಂದು ನಕ್ಕರು. "ಮನಿಗೊಂದಾಳು ಅಂತ ಗೌಡ್ರು ಬರಕೊಟ್ಟಾರ. ನೀ ಒಲ್ಲೆ ಅಂದ್ರ ನಿಮ್ಮಣ್ಣ ಬರ್ಲಿ."

ನಿನಗೆ ದೂರದ್ದು ಕಾಣುವುದಿಲ್ಲ. ಆಗಲಿ, ನಾನೇ ನಿಲ್ಲುತ್ತೇನೆ ಎಂದೆ.

ಈ ಚೀಟಿ ತರುವ ಬಂಡಿಯಲ್ಲೇ ಅವ್ವನನ್ನು ದೊಡವಾಡಕ್ಕೆ ತಂಗಿಯ ಮನೆಗೆ ಕರೆದೊಯ್ಯಿ. ನಾನು ಡೇರೆಗೆ ನೀರು ಹೊರುತ್ತೇನೆಂದು ಹೇಳು. ನೀನೂ ಇಲ್ಲಿಗೆ ಬರಬೇಡ.

ನಾಳೆ ಎಂಟಕ್ಕೆ ಆಟ. ಮೊದಲ ಹೊಡೆತ ಕ್ಯಾಪ್ಟನ್ ಸಾಹೇಬರದು.

ನಿನ್ನ ತಮ್ಮ
ಯಮನಪ್ಪ