ಗೀರಿನ ಮೇಲೆ ಒಣಗಿದ ಬನಿಯನ್

ಅರಸೀಕೆರೆ
೯ ಫೆಬ್ರವರಿ ೨೦೨೫

ಪ್ರೀತಿಯ ಮೊಮ್ಮಗಳೇ ದರ್ಶಿನಿ,

ಪಾರ್ಶ್ವನಾಥ ಸ್ವಾಮಿ ನಿನ್ನನ್ನು ಚೆನ್ನಾಗಿಟ್ಟಿರಲಿ. ಕಲಬುರಗಿಯಲ್ಲಿ ಆಗಲೇ ಬಿಸಿಲಂತೆ. ಪಾಠ ಮಾಡಲು ಹೋಗುವಾಗ ಮಜ್ಜಿಗೆ ಒಯ್ಯುತ್ತೀ ತಾನೇ? ನನ್ನ ಕಣ್ಣಿನ ಆಪರೇಷನ್ ಸುಸೂತ್ರವಾಯಿತು. ಪಟ್ಟಿ ಬಿಚ್ಚಿದ ದಿನ ಹಿತ್ತಲ ಬೇವಿನ ಮರ ನೋಡುತ್ತ ಕೂತವಳು ಊಟವನ್ನೇ ಮರೆತೆ. ಎಲೆಗಳೆಲ್ಲ ಬೇರೆ ಬೇರೆಯಾಗಿ ಕಾಣುತ್ತವಲ್ಲೇ!

ಈಗ ನಿನ್ನ ಕಾರಿನ ವಿಷಯ. ಡಿಸೆಂಬರಿನಲ್ಲಿ ನೀನು ಬಾಡಿಗೆ ಕಾರು ತಂದು ನನ್ನನ್ನು ತವರೂರು ಹಳೇಬೀಡಿಗೆ ಕರೆದುಕೊಂಡು ಹೋದೆ. ಕಾರು ತಿರುಗಿ ಕೊಟ್ಟ ಮೇಲೆ ಹಿಂದಿನ ಬಾಗಿಲಲ್ಲಿ ಉದ್ದಕ್ಕೆ ಗೀರು ಬಿದ್ದಿದೆಯೆಂದು ಕಂಪನಿಯವರು ನಿನ್ನ ಅಡ್ವಾನ್ಸ್ ಹಿಡಿದುಕೊಂಡರು. ನಿಮ್ಮಪ್ಪ ಧರ್ಮೇಶ, "ಅಮ್ಮನ ಕೋಲೇ ತಾಗಿರೋದು. ಇನ್ಮೇಲೆ ಅವರನ್ನ ಎಲ್ಲಿಗೂ ಕರ್ಕೊಂಡು ಹೋಗೋದು ಬೇಡ" ಎಂದು ಕೂಗಾಡಿದ. ನೆನೆದರೆ ಈಗಲೂ ಮೈ ಉರಿಯುತ್ತದೆ. ನಾನೇನು ಮೂಟೆಯೇ, ಮೂಲೆಯಲ್ಲಿ ಇಟ್ಟುಬಿಡಲು? ನೀನು ಫೋನಿನಲ್ಲಿ ಎಷ್ಟು ಜಗಳವಾಡಿದರೂ ಅವರದು ಒಂದೇ ರಾಗ, ತಮ್ಮ ಶೆಡ್ಡಿನಲ್ಲಿ ತೆಗೆದ ಫೋಟೋ ಇದೆಯೆಂದು.

ಮೊನ್ನೆ ಮಧ್ಯಾಹ್ನ ನಿಮ್ಮಮ್ಮನ ಮೊಬೈಲಿಗೆ ನೀನು ಕಳಿಸಿದ್ದ ಆ ಫೋಟೋ ದೊಡ್ಡದು ಮಾಡಿಸಿ ನೋಡಿದೆ. ಕಪ್ಪು ಬಾಗಿಲು ತಿಳಿನೀರಿನ ಹಾಗಿತ್ತು. ಒಳಗೆ ಆಕಾಶ, ಅರ್ಧ ತೆಂಗಿನ ಮರ, ತೇಲುವ ಒಂದು ಮೋಡ. ನೋಡುತ್ತ ನೋಡುತ್ತ ನಮ್ಮೂರ ಬಸದಿಗೇ ಹೋಗಿಬಿಟ್ಟೆ. ಅಲ್ಲಿನ ಕಂಬಗಳ ಹೊಳಪು ನಿನಗೆ ಗೊತ್ತಲ್ಲ. ಚಿಕ್ಕವಳಿದ್ದಾಗ ಅವುಗಳ ಮುಂದೆ ನಿಂತೇ ಜಡೆ ಸರಿಮಾಡಿಕೊಳ್ಳುತ್ತಿದ್ದೆ. ಒಂದು ಹೆಜ್ಜೆ ಸರಿದರೆ ಮುಖ ಕಂಬದ ಸುತ್ತ ಹರಿದು ಬೆಳಕಿನಲ್ಲಿ ಕರಗಿಹೋಗುತ್ತಿತ್ತು. ಅದೇ ಗುಂಗಿನಲ್ಲಿ ಗೀರಿನ ಉದ್ದಕ್ಕೂ ಕಣ್ಣಾಡಿಸಿದೆ. ಅಯ್ಯೋ, ಅದರ ಮೇಲೊಂದು ಬನಿಯನ್ ಒಣಗುತ್ತಿದೆ ಕಣೇ, ಕ್ಲಿಪ್ಪಿನ ಸಮೇತ! ಗೀರೂ ಅಲ್ಲ, ಮಣ್ಣೂ ಅಲ್ಲ. ಅವರದೇ ಶೆಡ್ಡಿನ ಬಟ್ಟೆ ಒಣಹಾಕುವ ತಂತಿ ಬಾಗಿಲ ಹೊಳಪಿನಲ್ಲಿ ಮೂಡಿದೆ. ನೀವೆಲ್ಲ ಗೀರನ್ನೇ ನೋಡುತ್ತ ಕೂತಿರಿ.

ನಿಮ್ಮಮ್ಮ ಗುರುತು ಹಾಕಿ ಆ ಫೋಟೋ ನಿನಗೆ ಕಳಿಸುತ್ತಾಳೆ. ಬನಿಯನ್ ಯಾರದೆಂದು ಅವರನ್ನೇ ಕೇಳು, ಬಿಡಬೇಡ. ನಿಮ್ಮಪ್ಪನಿಗೂ ತೋರಿಸಿದೆ. ಬಹಳ ಹೊತ್ತು ನೋಡಿ "ಹೌದಲ್ಲಮ್ಮಾ" ಎಂದ. ಆಮೇಲೆ ನನ್ನ ಕೋಲನ್ನು ತಾನೇ ಒರೆಸಿ ಕೈಗೆ ಕೊಟ್ಟ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ಸುಖವಾಗಿರು, ನನ್ನ ಬಂಗಾರ.

ನಿನ್ನ ಅಜ್ಜಿ,
ಕಾಂಚನಮಾಲಾ

ಮರೆತಿದ್ದೆ: ಅವತ್ತು ಬಸದಿಯಲ್ಲಿ ನನ್ನನ್ನು ಕಂಬದ ಮುಂದೆ ನಿಲ್ಲಿಸಿ "ಅಜ್ಜೀ, ಮುಖ ಕಾಣುತ್ತಾ?" ಎಂದು ಕೇಳಿದೆಯಲ್ಲ, ನಾನು ಹೂಂ ಅಂದೆ. ಸುಳ್ಳು ಕಣೇ. ಆಗ ಈ ಕಣ್ಣಿಗೆ ಬರೀ ಮಂಜು. ನೀನು ಅಷ್ಟು ಆಸೆಪಟ್ಟು ಕರೆತಂದಿದ್ದೆ, ನಿನ್ನ ಮುಖ ಬಾಡಬಾರದೆಂದು ಹಾಗಂದೆ. ಯುಗಾದಿಗೆ ಬಾ, ಮತ್ತೆ ಹೋಗಿ ನೋಡೋಣ. ಅದೇ ಕಾರಾದರೂ ಸರಿ.