ಜಾಕೆಟ್ ಜೇಬಿನ ಹರಳುಪ್ಪು

ಜೂನ್ 3, ತಿ. ನರಸೀಪುರ

ಮತ್ತೆ ಅದೇ ಗ್ರಾಫ್. ಅಂಟಾರ್ಕ್ಟಿಕಾದಲ್ಲಿ ಆಳಕ್ಕೆ ಕೊರೆದು ತೆಗೆದ ಮಂಜುಗಡ್ಡೆಯ ಕಂಬ, ಐಸ್ ಕೋರ್; ಅದರ ಎಂಬತ್ತೊಂದನೇ ಮೀಟರ್. ಸೋಡಿಯಂ ಗೆರೆ ಒಮ್ಮೆಲೇ ತೆಂಗಿನಮರದೆತ್ತರ. ಅಪ್ಪ ಕಾಫಿ ಲೋಟ ಲ್ಯಾಪ್‌ಟಾಪಿಗೆ ತಾಗಿಸಿಯೇ ಇಟ್ಟು ಕೇಳಿದರು, "ಐಸಲ್ಲಿ ಉಪ್ಪು ಎಲ್ಲಿಂದ ಬತ್ತದೆ ಇಂದ್ರಾಣಿ?"

ಕಡಲ ಗಾಳಿ ಹೊತ್ತು ತಂದದ್ದು, ಹಿಮದ ಜೊತೆ ಬಿದ್ದು ಪದರದೊಳಗೆ ಸಿಕ್ಕಿಕೊಂಡದ್ದು ಎಂದೆ. ಅಂದರೆ ಆ ಪದರ ಬಿದ್ದ ಕಾಲಕ್ಕೆ, ಇನ್ನೂರು ವರ್ಷದ ಹಿಂದೆ, ಒಂದು ಭಾರಿ ಬಿರುಗಾಳಿ. ನನ್ನ ಬಿರುಗಾಳಿ! ಈ ಪೇಪರ್ ಪ್ರಕಟವಾದರೆ ಪಿಎಚ್‌ಡಿ ಮುಗಿದ ಹಾಗೆ. ರಜೆಯಲ್ಲೂ ಇದೇ ಗೋಳು ಎಂದು ಅವ್ವನ ಗೊಣಗಾಟ.

ಜೂನ್ 5, ಬೆಳಿಗ್ಗೆ

ಲ್ಯಾಬಿನ ಜಾಕೆಟ್ ಒಗೆಯಲು ತಂದಿದ್ದೆ. ಕೋಲ್ಡ್ ರೂಮಿನಲ್ಲಿ ಐಸ್ ಕೊಯ್ಯುವಾಗ ಹಾಕಿಕೊಳ್ಳುವುದು. ಅವ್ವ ಜೇಬಿನಿಂದ ಪುಟ್ಟ ಬಟ್ಟೆಗಂಟು ತೆಗೆದಳು.

"ಅಯ್ಯೋ, ಅರ್ಧ ಉದುರೋಗದೆ!"

"ಏನವ್ವಾ ಅದು?"

"ಉಪ್ಪು ಕಣವ್ವ. ದೃಷ್ಟಿ ಆಗ್ದಿರ್ಲಿ ಅಂತ ಓದ್ಸಲ ಬಂದಾಗ ನಾನೇ ಇಟ್ಟಿದ್ದೆ. ಅಷ್ಟು ದೂರ ಓಗ್ತೀಯಲ್ಲ…"

ಐಸ್ ಮುಟ್ಟುವ ಗ್ಲೌಸ್ ಅದೇ ಜೇಬಿನಲ್ಲಿ ಇಡುತ್ತಿದ್ದೆ. ಗ್ರಾಫಿನ ಆ ಗೆರೆ ಈ ಉಪ್ಪಿನದೇ ಇರಬೇಕು! ಹಾಳಾಯ್ತು ಎಲ್ಲಾ ಎಂದು ಕೂಗಾಡಿದೆ. ಅವ್ವ ಗಂಟು ಹಿಡಿದುಕೊಂಡೇ ನಿಂತಿದ್ದಳು.

ಮಧ್ಯಾಹ್ನ

ಲ್ಯಾಬಿನ ಗೆಳತಿ ಶಿವಾನಿಗೆ ಫೋನ್. ಅದೇ ಕೋರಿನ ಇನ್ನರ್ಧ ಫ್ರೀಜರಿನಲ್ಲಿದೆ, ನಾನು ಮುಟ್ಟಿಲ್ಲ. "ಕುಯ್ದು ಮತ್ತೆ ಟೆಸ್ಟ್ ರನ್ ಮಾಡ್ತೀನಿ ಬಿಡೆ. ಅಮ್ಮಂಗೆ ಏನೂ ಅನ್ಬೇಡ," ಎಂದಳು. ಹೇಳಿದ್ದು ತಡವಾಯಿತು, ಅಂದಾಗಿತ್ತು.

ಜೂನ್ 11, ನಂಜನಗೂಡು

ದೊಡ್ಡಪ್ಪನ ಮಗಳು ರೋಜಕ್ಕನ ಮನೆ. ಇಲ್ಲಿ ನೆಟ್ ಚೆನ್ನಾಗಿದೆ. ಊರಲ್ಲಿ ಅವ್ವನ ಮುಖ ನೋಡಲೂ ಕಷ್ಟ.

ರಿಸಲ್ಟ್ ಬಂತು. ಗೆರೆ ಮಟ್ಟಸ. ಬಿರುಗಾಳಿ ಇಲ್ಲ, ಏನೂ ಇಲ್ಲ. ನಾನು ಇನ್ನೂರು ವರ್ಷ ಹಳೆಯದೆಂದು ಕುಣಿದಾಡಿದ್ದು ಬನ್ನೂರು ಸಂತೆಯ ಹರಳುಪ್ಪು. ಮೊದಲು ನಗು ಬಂತು, ಆಮೇಲೆ ಚೆನ್ನಾಗಿ ಅತ್ತೆ. ಗೈಡ್‌ಗೆ ಎಲ್ಲಾ ಮೇಲ್ ಮಾಡಿದೆ. ಇನ್ನೊಂದು ವರ್ಷ ದುಡಿಯಬೇಕು. ಇರಲಿ.

ಜೂನ್ 14, ನರಸೀಪುರ, ಬೆಳಿಗ್ಗೆ 6

ಲ್ಯಾಬಿಗೆ ವಾಪಸು ಹೊರಡಲು ಬ್ಯಾಗ್ ರೆಡಿ. ಪ್ರತಿ ಸಲ ಹೊಸ್ತಿಲಲ್ಲಿ ನಿಲ್ಲಿಸಿ ಉಪ್ಪು ನಿವಾಳಿಸುವ ಅವ್ವ ಇವತ್ತು ಒಲೆ ಮುಂದೆಯೇ ಕೂತಿದ್ದಳು. ನನಗೇ ತಡೆಯಲಾಗಲಿಲ್ಲ.

"ನಿವಾಳ್ಸಲ್ವಾ ಅವ್ವಾ?"

"ಬ್ಯಾಡ ಕಣವ್ವ, ನಿನ್ ಕೆಲ್ಸ ಕೆಡ್ತದೆ."

"ಜೇಬಿಗೆ ಬ್ಯಾಡ. ನಂಗೆ ಬೇಕು."

ಎದ್ದಳು. ಮುಷ್ಟಿ ಬಿಗಿ ಹಿಡಿದು ನಿವಾಳಿಸಿದಳು, ಒಂದು ಹರಳೂ ಬೀಳದ ಹಾಗೆ. ಕೆನ್ನೆ ಸವರಲು ಬಂದ ಕೈ ಅರ್ಧಕ್ಕೇ ನಿಂತಿತು. "ತಾಳು, ಕೈ ತೊಳ್ಕಂಡು ಬತ್ತೀನಿ."

ಬಚ್ಚಲಲ್ಲಿ ಇನ್ನೂ ನೀರಿನ ಸದ್ದು. ಕಾಯುತ್ತಾ ಇದನ್ನು ಗೀಚುತ್ತಿದ್ದೇನೆ. ಬಸ್ಸಿಗೆ ಹೊತ್ತಾಯಿತು, ಹೋದರೆ ಹೋಗಲಿ… ಬಂದಳು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ—